ಅಳಿಸುವ ಮೊದಲು ಒಂದು ಫೋನು

ಬೆಳಗಿನ ನಾಲ್ಕೂವರೆ. ದುಬೈಯ ಇಂಟರ್‌ನ್ಯಾಷನಲ್ ಸಿಟಿ ಇನ್ನೂ ಎದ್ದಿಲ್ಲ. ಸ್ಪೇನ್ ಕ್ಲಸ್ಟರ್ ಎಂದು ಕರೆಯುವ ಕಟ್ಟಡಗಳ ಸಾಲಿನಲ್ಲಿ, ಮೂರನೆಯ ಮಹಡಿಯ ಒಂದು ಕಿಟಕಿಯಲ್ಲಿ ಮಾತ್ರ ಬೆಳಕಿದೆ. ಒಳಗೆ ವಾರಿಜಾಕ್ಷಿ ಕಿವಿಗೆ ಫೋನು ಒತ್ತಿ ಹಿಡಿದು ನಿಂತಿದ್ದಾರೆ. ಕೂತು ಮಾತಾಡಿದರೆ ದನಿ ಸಣ್ಣದಾಗುತ್ತದೆ ಎಂಬುದು ಅವರ ಅನುಭವ. ಆಚೆ ಕಡೆ ರಿಂಗಾಗುತ್ತಿದೆ. ಅಲ್ಲಿ, ಕ್ಯಾಲಿಫೋರ್ನಿಯಾದಲ್ಲಿ, ಈಗ ಹಿಂದಿನ ದಿನದ ಸಂಜೆ ನಾಲ್ಕೂವರೆ. ಕಚೇರಿಗಳು ಬಾಗಿಲು ಹಾಕಲು ಇನ್ನು ಅರ್ಧ ಗಂಟೆ.

ಎಂಟು ಸಲ ರಿಂಗಾದ ಮೇಲೆ ಯಂತ್ರದ ದನಿಯೊಂದು ಮಾತಾಡುತ್ತದೆ. ವಾರಿಜಾಕ್ಷಿ ಅದಕ್ಕೂ ಮರ್ಯಾದೆ ಕೊಟ್ಟು ಕೊನೆಯವರೆಗೂ ಕೇಳಿಸಿಕೊಳ್ಳುತ್ತಾರೆ. ಆಮೇಲೆ ಲ್ಯಾಪ್‌ಟಾಪಿನಲ್ಲಿ ತೆರೆದಿಟ್ಟ ಪಟ್ಟಿಯ ಆ ಸಾಲಿನ ಪಕ್ಕ ‘ಗುರುವಾರ ಮತ್ತೆ’ ಎಂದು ಬರೆದು, ಕೆಳಗಿನ ಸಾಲಿನ ನಂಬರು ಒತ್ತುತ್ತಾರೆ.

“ಹತ್ತು ಫೋನು ಮಾಡಿದ್ರೆ ಏಳು ಯಾರೂ ತೆಗಿಯುದಿಲ್ಲ. ಎರಡು ಮೆಷಿನ್. ಒಂದು ಮನುಷ್ಯ,” ಎನ್ನುತ್ತಾರೆ ಅವರು. “ಆ ಒಂದಕ್ಕೋಸ್ಕರ ನಾಲ್ಕು ಗಂಟೆಗೆ ಏಳುದು.”

ವಾರಿಜಾಕ್ಷಿಗೆ ಐವತ್ತೊಂದು ವರ್ಷ. ಊರು ಕಿನ್ನಿಗೋಳಿಯ ಹತ್ತಿರ. ಅವರ ಉದ್ಯೋಗಕ್ಕೆ ಕಂಪನಿ ಕೊಟ್ಟ ಹೆಸರು ದೊಡ್ಡದಾಗಿದೆ. ಕೆಲಸವನ್ನು ಮಾತ್ರ ಒಂದೇ ಮಾತಿನಲ್ಲಿ ಹೇಳಬಹುದು. ಸ್ಪ್ಯಾನಿಷ್ ಮಾತಾಡುವ ದೇಶಗಳಿಂದ ಬಂದು ಅಮೆರಿಕದಲ್ಲಿ ನೆಲೆ ನಿಂತ ಕುಟುಂಬಗಳನ್ನು ಅಲ್ಲಿ ಹಿಸ್ಪಾನಿಕ್ ಎನ್ನುತ್ತಾರೆ. ಆ ಕುಟುಂಬಗಳ ಮಕ್ಕಳು ಕಾಲೇಜಿಗೆ ಸೇರುವಾಗ ಸಿಗುವ ವಿದ್ಯಾರ್ಥಿವೇತನ, ಸಹಾಯಧನಗಳನ್ನೆಲ್ಲ ಒಂದೇ ಕಡೆ ಪಟ್ಟಿ ಮಾಡಿಡುವ ಒಂದು ಅಮೆರಿಕನ್ ವೆಬ್‌ಸೈಟು ಇದೆ. ಆ ಪಟ್ಟಿಯ ಪ್ರತಿಯೊಂದು ಸಾಲೂ ನಿಜವೇ, ಕೊನೆಯ ದಿನಾಂಕ ಸರಿಯೇ, ದುಡ್ಡು ಕೊಡುವವರು ಇನ್ನೂ ಇದ್ದಾರೆಯೇ ಎಂದು ನೋಡುವುದು ವಾರಿಜಾಕ್ಷಿಯ ಕೆಲಸ. ಅವರು ಅಮೆರಿಕ ನೋಡಿಲ್ಲ. ಆ ಮಕ್ಕಳಲ್ಲಿ ಒಬ್ಬರನ್ನೂ ಭೇಟಿಯಾಗಿಲ್ಲ. ಸ್ಪೇನಿನ ಹೆಸರಿಟ್ಟುಕೊಂಡ ಈ ಬಡಾವಣೆಯಲ್ಲಿ ಸ್ಪ್ಯಾನಿಷ್ ಬಲ್ಲ ಒಬ್ಬನೇ ಒಬ್ಬ ಮನುಷ್ಯ ಅವರಿಗೆ ಇದುವರೆಗೆ ಸಿಕ್ಕಿಲ್ಲ.

ಕೋಣೆ ಚಿಕ್ಕದು. ಒಂದು ಮಂಚ, ಬಾಗಿಲಿನ ಹತ್ತಿರ ಅಡುಗೆ ಕಟ್ಟೆ, ಕಿಟಕಿಗೆ ತಾಗಿಸಿ ಇಟ್ಟ ಮಡಚುವ ಮೇಜು. ಗಂಡ ಧರ್ಮಪಾಲ ಅಬುಧಾಬಿಯಲ್ಲಿ ಲಿಫ್ಟ್ ರಿಪೇರಿ ಕಂಪನಿಯೊಂದರ ಸ್ಟೋರ್ ಕೀಪರ್. ಹಮ್ದಾನ್ ಸ್ಟ್ರೀಟಿನ ಹಿಂದೆ ಕಂಪನಿ ಕೊಟ್ಟ ಕೋಣೆಯಲ್ಲಿ ಇನ್ನೂ ಮೂವರ ಜೊತೆ ಇರುತ್ತಾರೆ. ಅಲ್ಲಿ ಹೆಂಡತಿಯನ್ನು ಇಟ್ಟುಕೊಳ್ಳುವಂತಿಲ್ಲ; ಅಷ್ಟು ನಡುಪೇಟೆಯಲ್ಲಿ ಬೇರೆ ಮನೆ ಹಿಡಿಯುವುದು ಆಗದ ಮಾತು. ಶನಿವಾರ ಸಂಜೆ ಬಸ್ಸಿಗೆ ಬಂದು ಭಾನುವಾರ ಸಂಜೆಯ ಬಸ್ಸಿಗೆ ಹೋಗುತ್ತಾರೆ. ಉಳಿದ ಆರು ದಿನ ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಫೋನು ಮಾಡಿ, “ಒಣಸ್ ಆಂಡಾ?” ಎಂದು ತುಳುವಿನಲ್ಲಿ ಊಟದ ವಿಚಾರ ಕೇಳುತ್ತಾರೆ. ಆಯಿತು ಎಂದರೆ ಅವರ ಫೋನು ಮುಗಿಯಿತು.

“ಅವರು ಮಾತಾಡುದು ಕಡಿಮೆ. ಆ ಫೋನು ಬಂದ್ರೆ ಮಧ್ಯಾಹ್ನ ಆಯ್ತು ಅಂತ ಲೆಕ್ಕ,” ಎಂದು ವಾರಿಜಾಕ್ಷಿ ನಗುತ್ತಾರೆ.

ಅಕ್ಷರದ ತಪ್ಪು ಹಿಡಿಯುವುದು ಅವರಿಗೆ ಹಳೆಯ ಅಭ್ಯಾಸ. ಪಿಯುಸಿ ಆದ ಮೇಲೆ ಟೈಪಿಂಗ್ ಕಲಿತು, ಮಂಗಳೂರಿನ ಒಂದು ಮುದ್ರಣಾಲಯದಲ್ಲಿ ಆರು ವರ್ಷ ಕರಡು ತಿದ್ದುವ ಕೆಲಸ ಮಾಡಿದರು. ಮದುವೆಯ ಕಾಗದ, ದೇವಸ್ಥಾನದ ಆಮಂತ್ರಣ, ಸೊಸೈಟಿಗಳ ವರದಿ. ಎರಡು ಸಾವಿರದ ಮೂರರಲ್ಲಿ ಮದುವೆಯಾಗಿ ದುಬೈಗೆ ಬಂದರು. ಮಗಳು ಹುಟ್ಟಿ ಮೂರು ವರ್ಷವಾದ ಮೇಲೆ ಕಟ್ಟಡ ಕಂಪನಿಯೊಂದರಲ್ಲಿ ಡಾಕ್ಯುಮೆಂಟ್ ಕಂಟ್ರೋಲರ್ ಆದರು. ಇಂಜಿನಿಯರುಗಳು ತಿದ್ದಿದ ನಕ್ಷೆಗಳಲ್ಲಿ ಹಳೆಯದು ಯಾವುದು, ಹೊಸದು ಯಾವುದು ಎಂದು ಗುರುತು ಹಾಕಿ ಸೈಟಿಗೆ ಕಳಿಸುವ ಕೆಲಸ. ಹನ್ನೆರಡು ವರ್ಷದಲ್ಲಿ ಹಳೆಯ ನಕ್ಷೆ ಒಂದೂ ಸೈಟಿಗೆ ಹೋಗಲು ಬಿಡಲಿಲ್ಲ. ಕೊರೊನಾ ವರ್ಷದಲ್ಲಿ ಒಂದು ವೀಡಿಯೊ ಕಾಲ್ ಬಂತು. ಇಪ್ಪತ್ತೇಳು ಮಂದಿಯನ್ನು ಒಟ್ಟಿಗೆ ಕೂರಿಸಿ, ಕೆಲಸ ಖಲಾಸ್ ಎಂದರು. ಆ ಕಾಲ್ ಒಂಬತ್ತು ನಿಮಿಷದಲ್ಲಿ ಮುಗಿಯಿತು.

ಮತ್ತೆ ಕೆಲಸ ಸಿಗಲು ಎರಡು ವರ್ಷ ಹಿಡಿಯಿತು. ಅಲ್ ಬರ್ಷಾದ ಒಂದು ಚಿಕ್ಕ ಕಂಪನಿ ಅಮೆರಿಕದ ವೆಬ್‌ಸೈಟಿನ ಪಟ್ಟಿಯನ್ನು ಸರಿಯಾಗಿಟ್ಟುಕೊಳ್ಳುವ ಗುತ್ತಿಗೆ ಹಿಡಿದಿತ್ತು. ಮನೆಯಿಂದಲೇ ಕೆಲಸ, ದಿನಕ್ಕೆ ನೂರ ಇಪ್ಪತ್ತು ಸಾಲು ನೋಡಬೇಕು. ಮೊದಲ ವಾರದಲ್ಲೇ ವಾರಿಜಾಕ್ಷಿ ಒಂದು ವಿಚಿತ್ರ ಕಂಡುಹಿಡಿದರು. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ದಿನವನ್ನು ಆಮೇಲೆ. ಈಚೆ ಕಡೆ ಯಾರೋ ಅದನ್ನು ತಿರುಗಿಸಿ ಓದಿ, ಏಪ್ರಿಲ್ ಐದು ಇದ್ದದ್ದನ್ನು ಮೇ ನಾಲ್ಕು ಮಾಡಿಟ್ಟಿದ್ದರು. ಅಂಥವು ನಲವತ್ತಕ್ಕೂ ಹೆಚ್ಚು.

“ಒಂದು ಮಗು ಇನ್ನೂ ಟೈಮ್ ಉಂಟು ಅಂತ ನಂಬಿ ಕೂತಿರ್ತದೆ ಅಲ್ವಾ? ಅಷ್ಟರಲ್ಲಿ ತಿಂಗಳೇ ಕಳೆದಿರ್ತದೆ. ಯಾರದ್ದು ತಪ್ಪು ಅಂತ ಅದಕ್ಕೆ ಯಾವತ್ತೂ ಗೊತ್ತಾಗುದಿಲ್ಲ,” ಎನ್ನುತ್ತಾರೆ. “ಆವತ್ತಿಂದ ನಂಗೆ ಇದು ಬರೀ ಲಿಸ್ಟ್ ಅಂತ ಕಾಣ್ಲಿಲ್ಲ.”

ಮೋಸದ ಸಾಲುಗಳನ್ನೂ ಅವರು ವಾಸನೆಯಿಂದಲೇ ಹಿಡಿಯುತ್ತಾರೆ. ಅರ್ಜಿ ಹಾಕಲು ಫೀಸು ಕೇಳುವುದು, ಬ್ಯಾಂಕಿನ ವಿವರ ಮೊದಲೇ ಕೇಳುವುದು, ಎಲ್ಲರಿಗೂ ಗ್ಯಾರಂಟಿ ಎನ್ನುವುದು. “ಫೀಸು ಕೇಳಿದ್ರೆ ಅದು ಸ್ಕಾಲರ್‌ಶಿಪ್ ಅಲ್ಲ ಮಾರಾಯ್ರೆ, ಅಂಗಡಿ.”

ಮಗಳು ಯಶ್ಮಿತಾ ಎರಡು ವರ್ಷದ ಹಿಂದೆ ಮಂಗಳೂರಿಗೆ ಹೋಗಿ ಮೀನುಗಾರಿಕೆಯ ಕಾಲೇಜಿಗೆ ಸೇರಿದಳು. ಅವಳು ಹೊರಡುವ ಮುನ್ನ ವಾರಿಜಾಕ್ಷಿ ಒಂದಿಡೀ ತಿಂಗಳು ಅವಳಿಗಾಗಿಯೂ ಹುಡುಕಿದ್ದರು. ದಿನವೂ ಬೇರೆ ಮಕ್ಕಳ ದುಡ್ಡಿನ ದಾರಿ ಹುಡುಕುವ ಕೈ, ತನ್ನ ಮಗಳ ವಿಷಯದಲ್ಲಿ ಬರಿದಾಯಿತು. ಊರಿನದಕ್ಕೆ ಊರಿನ ಶಾಲೆಯಲ್ಲಿ ಓದಿರಬೇಕಿತ್ತು. ಇಲ್ಲಿಯದಕ್ಕೆ ಇಲ್ಲಿಯ ಪ್ರಜೆಯಾಗಿರಬೇಕಿತ್ತು. ಅವರು ನೋಡಿದ ಒಂದು ಪಟ್ಟಿಯಲ್ಲೂ ಯಶ್ಮಿತಾಳಂಥವಳಿಗೆ ಅಂಕಣವೇ ಇರಲಿಲ್ಲ. ಧರ್ಮಪಾಲರ ಕಂಪನಿ ಮುಂಗಡ ಕೊಟ್ಟಿತು, ಹುಡುಗಿ ಹೋದಳು. ತಾಯಿಯ ಕೆಲಸದ ಬಗ್ಗೆ ಅವಳಿಗೆ ಅಂಥ ಅಭಿಪ್ರಾಯವೇನಿಲ್ಲ.

“ಅಮ್ಮಾ, ಇಟ್ಸ್ ಜಸ್ಟ್ ಡೇಟಾ ಕ್ಲೀನಿಂಗ್. ಎ ಬಾಟ್ ಕ್ಯಾನ್ ಡೂ ಇಟ್,” ಎಂದಿದ್ದಳು ಒಮ್ಮೆ.

“ಮಾಡ್ಲಿ. ಬಾಟ್ ಫೋನು ಎತ್ತಿದವರತ್ರ ಹೇಗಿದ್ದೀರಿ ಅಂತ ಕೇಳ್ತದಾ?”

“ವೈ ವುಡ್ ಇಟ್?”

ಅದು ಕಳೆದ ಜನವರಿಗಿಂತ ಮುಂಚಿನ ಮಾತು.

ಜನವರಿಯಲ್ಲಿ ಅವರ ಮುಂದೆ ಒಂದು ಸಾಲು ಬಂತು. ಕ್ಯಾಲಿಫೋರ್ನಿಯಾದ ಹೊಲಗದ್ದೆಗಳ ನಡುವಿನ ಯಾವುದೋ ಚಿಕ್ಕ ಊರು. ರೊಸೆಂಡೊ ಎಂಬವರ ನೆನಪಿನ ಸಹಾಯಧನ, ವರ್ಷಕ್ಕೆ ಒಂದು ಮಗುವಿಗೆ. ವೆಬ್ ಪುಟ ತೆರೆಯುತ್ತಿರಲಿಲ್ಲ. ಇಮೇಲು ಮೂರು ಸಲ ಹಿಂದೆ ಬಂದಿತ್ತು. ಮೂರು ಸಲ ಹಿಂದೆ ಬಂದರೆ ಅಳಿಸಬೇಕು ಎಂಬುದು ನಿಯಮ. ಆದರೆ ಅರ್ಹತೆಯ ಅಂಕಣದಲ್ಲಿ ಯಾರೂ ಬರೆಯದಂಥ ಒಂದು ವಾಕ್ಯವಿತ್ತು: ‘ಬಸ್ಸಿನಲ್ಲಿ ಕೂತು ಓದಿದ ಮಕ್ಕಳಿಗೆ.’

“ಎಲ್ಲರೂ ಮಾರ್ಕು ಕೇಳ್ತಾರೆ. ಇದು ಯಾರಪ್ಪ ಬಸ್ಸು ಕೇಳುದು ಅಂತ ಆಯ್ತು ನಂಗೆ. ಅಳಿಸ್ಲಿಕ್ಕೆ ಕೈ ಬರ್ಲಿಲ್ಲ.”

ಕೆಳಗೆ ಒಂದು ಫೋನ್ ನಂಬರಿತ್ತು. ದುಡ್ಡು ಕೊಡುವವರ ಜೊತೆ ನೇರ ಮಾತಾಡಬಾರದು ಎಂದು ಕೆಲಸಕ್ಕೆ ಸೇರುವಾಗಲೇ ಸಹಿ ಹಾಕಿಸಿಕೊಂಡಿದ್ದರು. ವಾಟ್ಸಾಪ್ ಕಾಲ್ ಇಲ್ಲಿಂದ ಹೋಗುವುದಿಲ್ಲ. ವಾರಿಜಾಕ್ಷಿ ತಮ್ಮ ಮೊಬೈಲಿನಿಂದಲೇ ಆ ನಂಬರು ಒತ್ತಿದರು. ಅದಕ್ಕೂ ಮುಂಚೆ ಎರಡು ದಿನ, ಬೇಕಾಗುವ ಹತ್ತು ಸ್ಪ್ಯಾನಿಷ್ ಶಬ್ದಗಳನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿದ್ದರು. ವಿದ್ಯಾರ್ಥಿವೇತನಕ್ಕೆ ಆ ಭಾಷೆಯಲ್ಲಿ ‘ಬೇಕಾ’ ಎನ್ನುತ್ತಾರೆ. ಆ ಒಂದು ಶಬ್ದ ಕಲಿಯಲು ಕಷ್ಟವಾಗಲಿಲ್ಲ.

ಪಕ್ಕದ ಕೋಣೆಯ ಸಬೀನ ಉಪ್ಪಿನಂಗಡಿಯವರು, ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಎರಡನೆಯ ದಿನ ಅವರು ಬಾಗಿಲು ಬಡಿದರು.

“ಅಲ್ಲ ವಾರಿಜಕ್ಕ, ಸುಬಹಿ ನಮಾಜಿನ ಹೊತ್ತಿಗೆ ಎದ್ದು ಯಾರತ್ರ ಬೇಕಾ ಬೇಕಾ ಅಂತ ಕೇಳುದು ನೀವು? ಮನೆಯಲ್ಲಿ ಯಾರೂ ಇಲ್ಲಲ್ಲ!”

“ಅಮೆರಿಕದ ಮಕ್ಕಳತ್ರ,” ಎಂದರು ವಾರಿಜಾಕ್ಷಿ. ಸಬೀನ ಅವರ ಹಣೆ ಮುಟ್ಟಿ ನೋಡಿ, ಜ್ವರವಿಲ್ಲವೆಂದು ಖಾತ್ರಿ ಮಾಡಿಕೊಂಡು ಹೋದರು.

ಫೋನು ಎತ್ತಿದ್ದು ಒಬ್ಬ ಮುದುಕಿ. ವಾರಿಜಾಕ್ಷಿ ಬರೆದುಕೊಂಡ ಚೀಟಿ ನೋಡಿ, “ಬೇಕಾ ರೊಸೆಂಡೊ, ಬೇಕಾ ರೊಸೆಂಡೊ,” ಎಂದರು. ಆಚೆ ಕಡೆಯಿಂದ ಮುರುಕು ಇಂಗ್ಲಿಷಿನಲ್ಲಿ ಉತ್ತರ ಬಂತು. ರೊಸೆಂಡೊ ಇಲ್ಲ, ತೀರಿಕೊಂಡು ಆರು ವರ್ಷ ಆಯಿತು, ಯಾರು ನೀವು, ಅವನ ಹತ್ತಿರ ಏನು ಕೆಲಸ?

ಅವರ ಹೆಸರು ಯುಲಾಲಿಯಾ. ಎಂಬತ್ತೊಂದು ವರ್ಷ. ವಾರಿಜಾಕ್ಷಿಯ ಇಂಗ್ಲಿಷಿನಲ್ಲಿ ತುಳುವಿನ ಲಯ, ಅವರದರಲ್ಲಿ ಸ್ಪ್ಯಾನಿಷಿನದು. ಮೊದಲ ದಿನ ಇಪ್ಪತ್ತು ನಿಮಿಷದಲ್ಲಿ ಇಬ್ಬರಿಗೂ ಅರ್ಥವಾದದ್ದು ಇಷ್ಟು. ರೊಸೆಂಡೊ ಶಾಲಾ ಬಸ್ಸಿನ ಡ್ರೈವರು. ಹೊಲದಲ್ಲಿ ಬೆಳ್ಳುಳ್ಳಿ ಕೀಳುವವರ ಮಕ್ಕಳನ್ನು ದೂರದ ಶಾಲೆಗೆ ಕರೆದೊಯ್ಯುತ್ತಿದ್ದವನು. ಚಳಿಗಾಲದ ಬೆಳಗ್ಗೆ ಕತ್ತಲಿರುವಾಗ, ಹಿಂದಿನ ಸೀಟಿನಲ್ಲಿ ಯಾರಾದರೂ ಪುಸ್ತಕ ತೆರೆದರೆ ಒಳಗಿನ ದೀಪ ಹಾಕಿಯೇ ಓಡಿಸುತ್ತಿದ್ದ. ಹಾಗೆ ಓಡಿಸಬಾರದೆಂದು ಮೇಲಿನವರು ಎರಡು ಸಲ ಬೈದಿದ್ದರು. ಅವನು ಹೋದ ಮೇಲೆ, ಅವನು ಉಳಿಸಿದ್ದರಲ್ಲಿ ಯುಲಾಲಿಯಾ ಈ ಸಹಾಯಧನ ಇಟ್ಟರು. ಇಮೇಲು, ವೆಬ್ ಪುಟ ಎಲ್ಲ ನೋಡಿಕೊಳ್ಳುತ್ತಿದ್ದ ಸೋದರಳಿಯ ಊರು ಬಿಟ್ಟು ಮೂರು ವರ್ಷವಾಗಿತ್ತು. ಆಮೇಲೆ ಒಂದು ಅರ್ಜಿಯೂ ಬಂದಿರಲಿಲ್ಲ.

“ಇಮೇಲು ಸತ್ತದ್ದು ಅವರಿಗೆ ಗೊತ್ತೇ ಇರ್ಲಿಲ್ಲ,” ಎಂದು ಹೇಳುವಾಗ ವಾರಿಜಾಕ್ಷಿಯ ದನಿ ಇಳಿಯುತ್ತದೆ. “ಪ್ರತಿ ಏಪ್ರಿಲ್ ಪೋಸ್ಟಿನವನನ್ನು ಕಾಯ್ತಿದ್ರಂತೆ. ಯಾರೂ ಬರೀಲಿಲ್ಲ. ಮಕ್ಕಳಿಗೆ ಈಗ ರೊಸೆಂಡೊನ ದುಡ್ಡು ಬೇಡ ಆಯ್ತು ಅಂತ ತಿಳ್ಕೊಂಡಿದ್ರು. ಮೂರು ವರ್ಷ ಹಾಗೇ ತಿಳ್ಕೊಂಡು ಕೂತಿದ್ರು ಆ ಅಮ್ಮ.”

ಆ ಸಾಲನ್ನು ಅವರು ಅಳಿಸಲಿಲ್ಲ. ಮತ್ತೆ ಎರಡು ಸಲ ಫೋನು ಮಾಡಿ ಅಂಚೆ ವಿಳಾಸ ಬರೆದುಕೊಂಡರು. ಊರಿನ ಹೈಸ್ಕೂಲಿನ ಒಬ್ಬ ಟೀಚರನ್ನು ಒಪ್ಪಿಸಿ ಅವರ ಇಮೇಲು ಹಾಕಿಸಲು ಯುಲಾಲಿಯಾರಿಗೆ ಹೇಳಿಕೊಟ್ಟರು. ಕೊನೆಯ ದಿನ ಏಪ್ರಿಲ್ ಹದಿನೈದು ಎಂದು, ತಿಂಗಳನ್ನು ಅಕ್ಷರದಲ್ಲೇ ಬರೆದು ಹಾಕಿದರು. ಆ ಒಂದು ಸಾಲಿಗೆ ಒಂದು ವಾರ ಹೋಯಿತು.

ಲೆಕ್ಕ ತಪ್ಪುತ್ತದಲ್ಲ. ಫೋನಿನ ರುಚಿ ಹತ್ತಿದ ಮೇಲೆ ವಾರಿಜಾಕ್ಷಿ ಸತ್ತಂತೆ ಕಂಡ ಬೇರೆ ಸಾಲುಗಳಿಗೂ ಫೋನು ಮಾಡತೊಡಗಿದ್ದರು. ನೂರ ಇಪ್ಪತ್ತು ಸಾಲು ನೋಡಬೇಕಾದ ದಿನ ಐವತ್ತು, ನಲವತ್ತು. ಫೆಬ್ರವರಿಯ ಒಂದು ಸೋಮವಾರ ಅಲ್ ಬರ್ಷಾದ ಆಫೀಸಿನಿಂದ ಕರೆ ಬಂತು. ಮೂರು ವರ್ಷದಲ್ಲಿ ಆ ಆಫೀಸಿಗೆ ಅವರು ಹೋದದ್ದು ಅದು ಎರಡನೆಯ ಸಲ. ಮೆಟ್ರೋ ಇಳಿದು, ಮಾಲಿನ ಒಳಗಿಂದ ನಡೆದು, ಹಿಂದಿನ ಕಟ್ಟಡದ ಲಿಫ್ಟು ಹತ್ತಿದರು.

ಅಲ್ಲಿ ಅವರ ಕೆಲಸ ನೋಡಿಕೊಳ್ಳುವವನು ಅಮೋಘ. ಮೈಸೂರಿನ ಕಡೆಯ ಹುಡುಗ, ಇನ್ನೂ ಮೂವತ್ತಾಗಿಲ್ಲ. ಪರದೆಯನ್ನು ಅವರ ಕಡೆ ತಿರುಗಿಸಿದ.

“ಮೇಡಂ, ನೀವು ನಮ್ಮಲ್ಲಿ ಎಲ್ಲರಿಗಿಂತ ಕರೆಕ್ಟಾಗಿ ಮಾಡ್ತಿದ್ರಿ. ಏನಾಯ್ತು? ಹುಷಾರಿಲ್ವಾ?”

ಹುಷಾರಿಲ್ಲ ಎಂದುಬಿಡಬಹುದಿತ್ತು. ವಾರಿಜಾಕ್ಷಿ ಇದ್ದದ್ದನ್ನು ಇದ್ದಂತೆ ಹೇಳಿದರು. ಫೋನು ಮಾಡಿದ್ದು, ಯುಲಾಲಿಯಾ, ಬಸ್ಸು, ಟೀಚರು, ಎಲ್ಲ.

ಅಮೋಘ ಎದ್ದು ಹೋಗಿ ಗಾಜಿನ ಬಾಗಿಲು ಹಾಕಿ ಬಂದ. “ಅಯ್ಯೋ ಮೇಡಂ. ನೀವು ಸೈನ್ ಮಾಡಿದೀರ. ಕ್ಲೈಂಟ್‌ಗೆ ಗೊತ್ತಾದ್ರೆ ನಿಮ್ಮನ್ನ ಮಾತ್ರ ಅಲ್ಲ, ನನ್ನೂ ಕಳಿಸ್ತಾರೆ.”

“ಗೊತ್ತುಂಟು ಸರ್.”

“ಗೊತ್ತಿದ್ದೂ ಯಾಕೆ ಮಾಡಿದ್ರಿ?”

“ಅಳಿಸಿದ್ರೆ ಆಮೇಲೆ ಯಾರೂ ನೋಡುದಿಲ್ಲ ಸರ್. ಮಕ್ಕಳು ಹುಡುಕ್ಲಿಕ್ಕೆ ಬರುದು ನಮ್ಮ ಲಿಸ್ಟಿಗೆ. ನಮ್ಮತ್ರ ಇಲ್ಲ ಅಂದ್ರೆ ಅದು ಇಲ್ಲ ಅಂತಲೇ ಲೆಕ್ಕ. ದುಡ್ಡು ಅಲ್ಲಿ ಉಂಟು, ಮಗು ಅಲ್ಲಿ ಉಂಟು, ನಾವೇ ನಡುವಿನಿಂದ ತೆಗೆದ ಹಾಗೆ ಆಯ್ತಲ್ಲ.”

ಅವನು ಹಣೆ ಉಜ್ಜಿಕೊಂಡ. ಯೋಚಿಸಿ ತಿಳಿಸುತ್ತೇನೆಂದು ಅವರನ್ನು ಕಳಿಸಿದ. ನಾಲ್ಕು ದಿನ ವಾರಿಜಾಕ್ಷಿ ಯಾರಿಗೂ ಫೋನು ಮಾಡದೆ, ನೂರ ಇಪ್ಪತ್ತರ ಲೆಕ್ಕ ಮುಟ್ಟಿಸುತ್ತ, ಕೆಲಸ ಹೋದರೆ ಧರ್ಮಪಾಲರಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ ಕಳೆದರು. ಶನಿವಾರ ಬಂದ ಗಂಡನ ಮುಂದೆ ಬಾಯಿ ಬಿಟ್ಟರು. ಧರ್ಮಪಾಲ ಊಟ ಮುಗಿಸಿ, ಕೈ ತೊಳೆದು ಬಂದು, “ಆ ಅಜ್ಜಿಗೆ ಮಕ್ಕಳು ಬರೆದ್ರಾ?” ಎಂದು ಮಾತ್ರ ಕೇಳಿದರು. ಇನ್ನೂ ಇಲ್ಲ ಎಂದಾಗ, “ಬರೀತಾರೆ” ಎಂದರು. ಅಷ್ಟೇ.

ಸೋಮವಾರ ಅಮೋಘನ ಸಂದೇಶ ಬಂತು. ಎಚ್ಚರಿಕೆಯ ಪತ್ರ ಒಂದು. ಅದರ ಕೆಳಗೆ ಅವನೇ ಬರೆದ ಕೆಲವು ಮಾತು: ಕ್ಲೈಂಟ್ ಹತ್ತಿರ ಮಾತಾಡಿದ್ದೇನೆ. ಅಳಿಸಬೇಕಾದ ಸಾಲುಗಳಿಗೆ, ಅವಷ್ಟಕ್ಕೆ ಮಾತ್ರ, ಕಂಪನಿಯ ಹೆಸರು ಹೇಳಿ ಫೋನು ಮಾಡಬಹುದು. ಸಾಲಿಗೆ ಕೊಡುವ ದರ ಅರ್ಧ, ಫೋನಿನ ಬಿಲ್ಲು ಕೊಡುವುದಿಲ್ಲ, ಬೇಕಿದ್ದರೆ ಮಾಡಿ, ಇಲ್ಲವಾದರೆ ಹಳೆಯ ಕೆಲಸವೇ ಇರಲಿ. ಎಲ್ಲರೂ ಡೆಡ್ ಲಿಸ್ಟ್ ಎಂದು ಕರೆಯುವ, ಯಾರೂ ಕೇಳಿ ಪಡೆಯದ ಪಟ್ಟಿ ಅದು. ವಾರಿಜಾಕ್ಷಿ ಒಪ್ಪಿದರು.

ಹಾಗಾಗಿ ಈಗ ಅವರ ದಿನ ಹೀಗೆ. ನಾಲ್ಕಕ್ಕೆ ಏಳುವುದು. ಐದರವರೆಗೆ ಫೋನು. ಬೆಳಿಗ್ಗೆ ಅನ್ನ ಸಾರು ಮಾಡಿಟ್ಟು ಮತ್ತೆ ಕೂತರೆ ಹುಡುಕಾಟ: ಸತ್ತವರ ಮಕ್ಕಳು ಎಲ್ಲಿದ್ದಾರೆ, ಮುಚ್ಚಿದ ಬೇಕರಿಯ ಮಾಲೀಕರು ಯಾವ ಊರಿಗೆ ಹೋದರು, ಚರ್ಚಿನ ಹೊಸ ಫೋನ್ ನಂಬರು ಯಾವುದು. ಮಾರ್ಚಿನಿಂದ ಇಲ್ಲಿಯವರೆಗೆ ಸಾವಿರದ ನೂರ ನಲವತ್ತು ಸಾಲು ಅವರ ಕೈಯಲ್ಲಿ ಹಾದುಹೋಗಿವೆ. ಹೆಚ್ಚಿನವು ನಿಜಕ್ಕೂ ಸತ್ತವೇ. ಎಪ್ಪತ್ತಮೂರು ಬದುಕಿದ್ದವು. ಟೆಕ್ಸಾಸಿನ ಟೈರ್ ಅಂಗಡಿಯವನೊಬ್ಬ ಮಗನ ಹೆಸರಿನಲ್ಲಿ ಇಟ್ಟದ್ದು, ನರ್ಸುಗಳ ಒಂದು ಸಂಘದ್ದು, ಪಿಯಾನೊ ಕಲಿಸುತ್ತಿದ್ದ ಅಕ್ಕತಂಗಿಯರದ್ದು.

ಇನ್ನು ಯುಲಾಲಿಯಾ. ಕೆಲಸ ಮುಗಿದಿದ್ದರೂ ವಾರಕ್ಕೊಂದು ಸಲ ವಾರಿಜಾಕ್ಷಿ ಅವರಿಗೆ ಫೋನು ಮಾಡುವುದು ನಿಲ್ಲಲಿಲ್ಲ. ಬುಧವಾರ ಬೆಳಿಗ್ಗೆ ಐದು ನಿಮಿಷ. ಯುಲಾಲಿಯಾರಿಗೆ ದುಬೈ ಎಂದರೆ ಟೆಕ್ಸಾಸಿನ ಯಾವುದೋ ಊರು ಎಂಬ ಭಾವನೆ. “ಅಲ್ಲಿ ಚಳಿ ಉಂಟಾ, ಸ್ವೆಟರ್ ಹಾಕ್ಕೊಳ್ಳಿ ಅಂತ ಹೇಳ್ತಿದ್ರು. ನಾನು ಹೂಂ ಅಂತಿದ್ದೆ. ಇಲ್ಲಿ ಎಸಿ ಹಾಕ್ಕೊಂಡು ಕೂತಿದ್ದೆ! ಎರಡು ಸಲ ಹೇಳಿ ನೋಡಿದೆ, ಅವರಿಗೆ ಅಷ್ಟು ದೂರ ನಂಬ್ಲಿಕ್ಕೆ ಆಗ್ಲಿಲ್ಲ.”

ಒಬ್ಬರ ಬೆಳಿಗ್ಗೆ, ಇನ್ನೊಬ್ಬರ ಸಂಜೆ. ಯುಲಾಲಿಯಾ ಏನು ಅಡುಗೆ ಎಂದು ಕೇಳುತ್ತಿದ್ದರು. ವಾರಿಜಾಕ್ಷಿ ಬಸಳೆ ಸೊಪ್ಪಿನ ಪದಾರ್ಥವನ್ನು ವಿವರಿಸುತ್ತಿದ್ದರು. ಇಬ್ಬರೂ ಒಬ್ಬರೇ ಉಣ್ಣುವವರಾದ್ದರಿಂದ ಪಾತ್ರೆ ತೊಳೆಯುವ ಉದಾಸೀನದ ಬಗ್ಗೆ ಇಬ್ಬರಿಗೂ ಹೇಳಲಿಕ್ಕಿತ್ತು. ದಿನವಿಡೀ ವಾರಿಜಾಕ್ಷಿಯ ಗಂಟಲು ಬಳಕೆಯಾಗುವುದೇ ಕಡಿಮೆ. ಕೆಲವು ದಿನ ಮಧ್ಯಾಹ್ನ ಗಂಡನ ಫೋನು ಎತ್ತುವಾಗ ದನಿಯೇ ಹೊರಡುವುದಿಲ್ಲ, ಕೆಮ್ಮಿ ಸರಿಮಾಡಿಕೊಳ್ಳಬೇಕಾಗುತ್ತದೆ. ಬುಧವಾರ ಹಾಗಾಗುತ್ತಿರಲಿಲ್ಲ.

ಏಪ್ರಿಲ್ ಎರಡನೆಯ ವಾರ ಯುಲಾಲಿಯಾ ಫೋನಿನಲ್ಲಿ ಅತ್ತರು. ಒಂದು ಅರ್ಜಿ ಬಂದಿತ್ತು. ಕೊನೆಯ ದಿನಕ್ಕೆ ಅದು ಹದಿನಾಲ್ಕಾಯಿತು. ಯಾರಿಗೆ ಕೊಡಲಿ, ನೀನೇ ಹೇಳು ಎಂದು ಅವರು ವಾರಿಜಾಕ್ಷಿಯನ್ನೇ ಕೇಳಿದರು. ಅರ್ಜಿಗಳನ್ನು ಒಂದೊಂದಾಗಿ ಓದಿ ಹೇಳಲು ತಯಾರಿದ್ದರು.

“ಬೇಡ ಅಂದೆ. ಆಸೆ ಇರ್ಲಿಲ್ಲ ಅಂತ ಅಲ್ಲ. ಹದಿನಾಲ್ಕು ಮಕ್ಕಳ ಕತೆ ಕೇಳ್ಬಹುದಿತ್ತು. ಆದ್ರೆ ಅವರು ನಂಗೆ ಬರೆದದ್ದಲ್ಲ ಅಲ್ವಾ? ಟೀಚರತ್ರ ಕೂತು ಓದಿ ಅಂದೆ.”

ಜೂನ್ ತಿಂಗಳಲ್ಲಿ ಒಬ್ಬ ಹುಡುಗಿಗೆ ಅದು ಸಿಕ್ಕಿತು. ಹಣ್ಣು ಪ್ಯಾಕ್ ಮಾಡುವ ಶೆಡ್ಡಿನಲ್ಲಿ ದುಡಿಯುವವರ ಮಗಳು, ಮೂರನೆಯ ತರಗತಿಯವರೆಗೆ ರೊಸೆಂಡೊನ ಬಸ್ಸಿನಲ್ಲೇ ಹೋದವಳು. ಅವಳು ತಾಯಿಯನ್ನು ಕರೆದುಕೊಂಡು ಯುಲಾಲಿಯಾರ ಮನೆಗೆ ಬಂದು, ಜಗಲಿಯಲ್ಲಿ ಕೂತು, ಸಂಜೆಯವರೆಗೆ ಇದ್ದು ಹೋದಳಂತೆ. ಹುಡುಗಿಯ ಹೆಸರು ವಾರಿಜಾಕ್ಷಿಗೆ ಗೊತ್ತು. ಈ ಲೇಖನಕ್ಕೂ ಅದನ್ನು ಹೇಳಲು ಒಪ್ಪಲಿಲ್ಲ. ದುಬೈಯಲ್ಲಿ ಒಬ್ಬ ಹೆಂಗಸು ಆ ಸಹಾಯಧನದ ಸಾಲನ್ನು ಅಳಿಸದೆ ಬಿಟ್ಟಳೆಂಬುದು ಆ ಹುಡುಗಿಗೆ ಗೊತ್ತಿಲ್ಲ.

ಆ ದಿನ ವಾರಿಜಾಕ್ಷಿಗೆ ಯಾರಿಗಾದರೂ ಹೇಳಬೇಕೆನಿಸಿತು. ಯಶ್ಮಿತಾಳಿಗೆ ಉದ್ದದ ಸಂದೇಶ ಬರೆದರು. ಪರೀಕ್ಷೆಯ ಸಮಯ, ಅವಳು ಎತ್ತಿದ ಹೆಬ್ಬೆರಳಿನ ಚಿತ್ರವೊಂದನ್ನು ಕಳಿಸಿದಳು. ಸಬೀನ ಮಾತ್ರ ಪೂರ್ತಿ ಕೇಳಿ, ಒಳಗಿನಿಂದ ಒಂದು ತಟ್ಟೆ ಕಾಯಿ ಹೋಳಿಗೆ ತಂದುಕೊಟ್ಟು, “ನಿಮ್ಮ ಬೇಕಾ ಬೇಕಾಕ್ಕೆ ಒಬ್ಬರಾದ್ರೂ ಬೇಕು ಅಂದ್ರಲ್ಲ ಅಕ್ಕ, ತಿನ್ನಿ,” ಎಂದರು.

ಅಕ್ಟೋಬರಿನ ಒಂದು ಬುಧವಾರ ಯುಲಾಲಿಯಾರ ಫೋನು ಯಾರೂ ಎತ್ತಲಿಲ್ಲ. ಗುರುವಾರವೂ ಇಲ್ಲ. ಹತ್ತು ದಿನ ದಿನವೂ ಒತ್ತಿದ ಮೇಲೆ ಒಬ್ಬ ಗಂಡಸು ಎತ್ತಿದ. ಸೊಸೆಯ ಅಣ್ಣನೋ, ಮನೆ ಖಾಲಿ ಮಾಡಲು ಬಂದವನೋ, ವಾರಿಜಾಕ್ಷಿಗೆ ಸ್ಪಷ್ಟವಾಗಲಿಲ್ಲ. ಬಿದ್ದು ಸೊಂಟ ಮುರಿದದ್ದರಿಂದ ಯುಲಾಲಿಯಾರನ್ನು ಮಗ ಬೇರೆ ರಾಜ್ಯಕ್ಕೆ ಕರೆದುಕೊಂಡು ಹೋಗಿದ್ದಾನೆ, ಸಹಾಯಧನ ಇನ್ನು ಆ ಟೀಚರೇ ನಡೆಸುತ್ತಾರೆ ಎಂದ. ಆಮೇಲೆ ಸೌಜನ್ಯದಿಂದಲೇ ಕೇಳಿದ, ನೀವು ಅವರಿಗೆ ಏನಾಗಬೇಕು ಎಂದು.

“ಎಂತ ಹೇಳುದು ನಾನು? ಸಂಬಂಧ ಅಲ್ಲ, ನೆರೆಕರೆ ಅಲ್ಲ. ಮುಖ ನೋಡಿದವಳೂ ಅಲ್ಲ. ನಾನು ಲಿಸ್ಟಿನವಳು ಅಂದೆ,” ಎನ್ನುತ್ತಾರೆ ವಾರಿಜಾಕ್ಷಿ. “ಓಕೆ ಅಂತ ಇಟ್ಟ. ಹೊಸ ನಂಬರು ಕೇಳ್ಬೇಕು ಅಂತ ಬಾಯಿಗೆ ಬಂದಿತ್ತು. ಲಿಸ್ಟಿನವಳಿಗೆ ಅದು ಯಾಕೆ ಅಂದ್ರೆ?”

ಅಂದೇ ಕೂತು ಅವರು ಆ ಸಾಲನ್ನು ತಿದ್ದಿದರು. ಯುಲಾಲಿಯಾರ ನಂಬರು ತೆಗೆದು ಟೀಚರದ್ದು ಹಾಕಿದರು. ಬಸ್ಸಿನಲ್ಲಿ ಓದಿದ ಮಕ್ಕಳಿಗೆ ಎಂಬ ವಾಕ್ಯ ಇದೆಯೇ ಎಂದು ನೋಡಿದರು, ಇತ್ತು. ಸರಿಯಿದೆ ಎಂದು ಗುರುತು ಹಾಕಿ ಮುಚ್ಚಿದರು. ಈಗ ಬುಧವಾರವೂ ಉಳಿದ ದಿನಗಳ ಹಾಗೆಯೇ.

ಮುಂದಿನ ವರ್ಷದಿಂದ ಪಟ್ಟಿಯ ಕೆಲಸವನ್ನೆಲ್ಲ ಸಾಫ್ಟ್‌ವೇರಿಗೆ ಬಿಡುವ ಮಾತು ನಡೆಯುತ್ತಿದೆ ಎಂದು ಅಮೋಘ ಮೊದಲೇ ಹೇಳಿಟ್ಟಿದ್ದಾನೆ. ಡೆಡ್ ಲಿಸ್ಟ್ ಉಳಿಸಲು ಪ್ರಯತ್ನಿಸುತ್ತೇನೆ, ಖಾತ್ರಿ ಕೊಡಲಾರೆ ಎಂದಿದ್ದಾನೆ. ವಾರಿಜಾಕ್ಷಿ ಅದಕ್ಕೆ ಬೇಸರಪಟ್ಟುಕೊಂಡಂತೆ ಕಾಣುವುದಿಲ್ಲ. ಈ ವಾರದ ಪಟ್ಟಿಯಲ್ಲಿ ಇನ್ನೂ ಇಪ್ಪತ್ತೆರಡು ಸಾಲು ಬಾಕಿ ಇವೆ. ಅವುಗಳಲ್ಲಿ ಒಂಬತ್ತಕ್ಕೆ ಫೋನ್ ನಂಬರಿದೆ. ಕಿಟಕಿಯ ಹೊರಗೆ ಕೆಲಸಕ್ಕೆ ಹೋಗುವವರ ಮೊದಲ ಬಸ್ಸು ಬಂದು ನಿಂತಿದೆ. ಮಸೀದಿಯಿಂದ ಅಜಾನ್ ಕೇಳಿಸುತ್ತದೆ. ಕ್ಯಾಲಿಫೋರ್ನಿಯಾದ ಕಚೇರಿಗಳು ಇಷ್ಟು ಹೊತ್ತಿಗೆ ಮುಚ್ಚಿರುತ್ತವೆ. ಅವರು ಫೋನು ಚಾರ್ಜಿಗೆ ಹಾಕುತ್ತಾರೆ.

ಆಸೆ ಏನಾದರೂ ಇದೆಯೇ, ಅಮೆರಿಕ ನೋಡುವುದೇ ಎಂದರೆ ಅಲ್ಲವೆಂದು ತಲೆಯಾಡಿಸುತ್ತಾರೆ.

“ದೊಡ್ಡ ಆಸೆ ಎಂತದೂ ಇಲ್ಲ. ಒಂದು ಮಗು, ಯಾವ ಮಗು ಆದ್ರೂ ಆದೀತು, ಅಂಥ ಒಂದು ಫಾರಂ ತುಂಬಿಸುವಾಗ ಪಕ್ಕದಲ್ಲಿ ಕೂತು ನೋಡ್ಬೇಕು ಅಂತ ಉಂಟು. ನಾನು ಯಾರು ಅಂತ ಹೇಳ್ಬೇಕಂತ ಇಲ್ಲ. ಎಲ್ಲ ಬರೆದು ಆಗಿ ಕೊನೆಗೆ ಅದು ಸಬ್ಮಿಟ್ ಒತ್ತುದುಂಟಲ್ಲ, ಆವಾಗ ಅದರ ಮುಖ ಹೇಗಿರ್ತದೆ ಅಂತ ಒಂದು ಸಲ ನೋಡಿದ್ರೆ ಸಾಕು.”